ಎಡಗಿವಿಯ ನೀಲಿ

ಬಕೆಟ್ಟಿನಿಂದ ಎತ್ತಿದ ಬಿಳಿ ಕೋಟನ್ನು ಅವಳು ಅರ್ಧ ಹಿಂಡಿದ್ದಳಷ್ಟೆ, ಒಳಗೆ ಫೋನು ಬಡಿದುಕೊಳ್ಳತೊಡಗಿತು.

ಕೋಟು ಅಮ್ಮನದು. ಶನಿವಾರ ಸಂಜೆ ಅಮ್ಮನೇ ನೆನೆಹಾಕಿದ್ದಳು. ಭಾನುವಾರ ಬೆಳಿಗ್ಗೆ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಚಪ್ಪಲಿಯ ಪಟ್ಟಿ ಬಿಗಿಯುತ್ತಿದ್ದ ಅಮ್ಮ ಹಾಗೇ ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲ. ಸೋಮವಾರ ಚಿತಾಗಾರದ ಯಂತ್ರ ಕೆಟ್ಟಿದೆ ಎಂದರು. ಹಾಗಾಗಿ ಅಮ್ಮ ಎರಡು ದಿನ ಆಸ್ಪತ್ರೆಯ ತಣ್ಣನೆಯ ಕೋಣೆಯಲ್ಲಿ, ಅಮ್ಮನ ಕೋಟು ಎರಡು ದಿನ ಹಿಂಬಾಗಿಲ ಬಕೆಟ್ಟಿನಲ್ಲಿ. ಮನೆಗೆ ಬಂದುಹೋದವರೆಲ್ಲ ಆ ಬಕೆಟ್ಟನ್ನು ದಾಟಿಕೊಂಡೇ ಓಡಾಡಿದ್ದರು, ಒಬ್ಬರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಇವತ್ತು ಮಂಗಳವಾರ ಬೆಳಿಗ್ಗೆ ಬಾಗಿಲು ತೆಗೆದರೆ ನೀರು ಕಮಟು ವಾಸನೆ ಹೊಡೆಯುತ್ತಿತ್ತು. ತೋಳಿಗೆ ಮೆತ್ತಿದ್ದ ನೀಲಿಪುಡಿಯೆಲ್ಲ ಬಿಟ್ಟು ಬಕೆಟ್ಟು ಶಾಯಿ ದೌತಿಯ ಹಾಗಾಗಿತ್ತು. ಹೆಣ ಎತ್ತುವ ದಿನ ಯಾರಾದರೂ ಬಟ್ಟೆ ಒಗೆಯುತ್ತಾರೆಯೇ ಎಂದು ಅವಳಿಗೂ ಅನಿಸಿತು. ಆದರೆ ಅಮ್ಮನ ಕೋಟು ಕೊಳೆಯುವುದನ್ನು ನೋಡಿಕೊಂಡು ಸುಮ್ಮನಿರಲು ಕೈ ಕೇಳಲಿಲ್ಲ.

ಹಿಂಡುವಾಗ ಜೇಬಿನಲ್ಲಿ ಏನೋ ಚುಚ್ಚಿತು. ತೆಗೆದು ನೋಡಿದರೆ ರಟ್ಟಿಗೆ ಸಾಲಾಗಿ ಸಿಕ್ಕಿಸಿದ ಕಪ್ಪು ಹೇರ್‌ಪಿನ್ನುಗಳು. ರಟ್ಟು ನೆನೆದು ಮುದ್ದೆಯಾಗಿತ್ತು. ಪಿನ್ನುಗಳ ತುದಿಗೆ ಆಗಲೇ ತುಕ್ಕು. ಅಮ್ಮನಿಗೆ ಹೇರ್‌ಪಿನ್ನೇಕೆ? ಅವಳಿಗೆ ಬುದ್ಧಿ ತಿಳಿದಾಗಿನಿಂದ ಅಮ್ಮನ ತಲೆ ಗಂಡಸರ ಹಾಗೆ ಮೋಟು ಕ್ರಾಪು. ಜೇಬಿನ ಸಾಮಾನು ತೆಗೆಯದೆ ಬಟ್ಟೆ ನೆನೆಹಾಕುವ ಹೆಂಗಸೂ ಅವಳಲ್ಲ.

ಫೋನು ನಿಲ್ಲುವ ಹಾಗೆ ಕಾಣಲಿಲ್ಲ. ಪಿನ್ನುಗಳನ್ನು ಕೈಚೀಲಕ್ಕೆ ತುರುಕಿ, ಒದ್ದೆ ಕೈಯಲ್ಲೇ ಫೋನು ಎತ್ತಿದಳು. ತರಬೇತಿ ಕೇಂದ್ರದ ಅಧಿಕಾರಿ.

"ಇಂಥಾ ದಿನ ಫೋನ್ ಮಾಡಬಾರದು, ಗೊತ್ತಮ್ಮ. ಏನ್ ಮಾಡೋದು, ನನ್ನ ಕುತ್ತಿಗೆ ಮೇಲೂ ಕೂತಿದಾರೆ. ನಾಳೆ ಬೆಳಿಗ್ಗೆ ನಿಮ್ಮ ತಂಡದ ವಿಮಾನ. ಇವತ್ತು ನಾಲ್ಕು ಗಂಟೆ ಒಳಗೆ ಹದಿನೆಂಟು ಜನರ ಪಟ್ಟಿ ಮೇಲಕ್ಕೆ ಹೋಗಬೇಕು. ಹದಿನೇಳು ಹಾಳೆಗೆ ನಿಮ್ಮಮ್ಮನ ಸಹಿ ಇದೆ."

"ಹದಿನೆಂಟನೇದು?"

ಆ ಕಡೆ ಒಂದು ಕೆಮ್ಮು. "ನಿಮ್ದು. ಖಾಲಿ ಇದೆ. ಮರೆತಿರಬೇಕು ಪಾಪ."

"ಅಮ್ಮ ಮರೆಯೋರಲ್ಲ ಸರ್," ಎಂದಳು. ಹೇಳುವಾಗ ದನಿ ಎಷ್ಟು ಗಡುಸಾಯಿತೆಂದರೆ ಆ ಕಡೆಯವರು ಇನ್ನೊಮ್ಮೆ ಕೆಮ್ಮಿದರು.

ದೂರದ ದೇಶವೊಂದರಲ್ಲಿ ಜ್ವರ ಊರಿಂದ ಊರಿಗೆ ಹಬ್ಬಿ, ಅಲ್ಲಿನ ನರ್ಸುಗಳೇ ಹಾಸಿಗೆ ಹಿಡಿದಿದ್ದರು. ಇಲ್ಲಿಂದ ಹದಿನೆಂಟು ನರ್ಸುಗಳು ಹೋಗಬೇಕು. ಹೋಗುವವರನ್ನು ತಯಾರು ಮಾಡುವುದು ಅಮ್ಮನ ಕೆಲಸ. ಅವಳ ಸಹಿ ಬೀಳದೆ ಒಬ್ಬರೂ ವಿಮಾನ ಹತ್ತುವಂತಿರಲಿಲ್ಲ. ತೀರಿಹೋದವಳ ಬಳಿ ಇನ್ನು ಸಹಿ ಹಾಕಿಸುವುದು ಹೇಗೆ? ಮಗಳೆಂಬ ಸಲಿಗೆಯಿಂದಲಾದರೂ ಜಗಳವಾಡಿ ಹಾಕಿಸಿಕೊಳ್ಳೋಣವೆಂದರೆ, ಜಗಳಕ್ಕೂ ಅಮ್ಮ ಜಾಗ ಬಿಟ್ಟಿರಲಿಲ್ಲ.

ಬಾಗಿಲ ಸಂದಿಯಲ್ಲಿ ಅವಳ ಒಂಬತ್ತು ವರ್ಷದ ಹುಡುಗಿ ನಿಂತಿದ್ದಳು. ಅಜ್ಜಿ ಇಟ್ಟ ಹೆಸರು ಓದುಗಿತ್ತಿ. ಓದು ಬಂದ ದಿನದಿಂದ ಡಬ್ಬಿ, ಬೋರ್ಡು, ಔಷಧಿಯ ಚೀಟಿ, ಏನು ಕಂಡರೂ ಗಟ್ಟಿಯಾಗಿ ಓದುತ್ತಿದ್ದ ಹುಡುಗಿ ಭಾನುವಾರದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

"ಅಮ್ಮಾ, ಒಂದು ಕೇಳ್ಲಾ?"

"ಕೇಳು ಚಿನ್ನ."

"ಅದೂ..."

"ಗಾಡಿ ಬಂತು!" ಹೊರಗಿನಿಂದ ಸೋದರಮಾವನ ಕೂಗು. ಮೂವತ್ತು ವರ್ಷ ಬಸ್ಸಿನ ಕಂಡಕ್ಟರಾಗಿದ್ದವರು, ಈಗಲೂ ಮನೆಯವರನ್ನೆಲ್ಲ ಬಸ್ಸು ಹತ್ತಿಸುವವರಂತೆಯೇ ಕೂಗುತ್ತಿದ್ದರು. "ಅಲ್ಲಿ ಅಕ್ಕ ಕಾಯ್ತಿದಾಳೆ, ಇವಳಿಲ್ಲಿ ಬಟ್ಟೆ ಒಗೀತಿದಾಳೆ! ಬೇಗ, ಬೇಗ!"

ಹುಡುಗಿ ಬಾಯಿ ಮುಚ್ಚಿಕೊಂಡಳು. ತಾಯಿ ಕೋಟನ್ನು ಹಾಗೇ ತಂತಿಗೆ ಎಸೆದಳು. ಒಂದು ತೋಳು ಒಳಮುಖವಾಗಿ ಸಿಕ್ಕಿಕೊಂಡಿದ್ದನ್ನೂ ಸರಿಮಾಡಲಿಲ್ಲ.

*

ತರಬೇತಿ ಕೇಂದ್ರವೆಂದರೆ ಹಳೆಯ ಗೋದಾಮು. ಗೋಡೆಯುದ್ದಕ್ಕೂ ಕೊಕ್ಕೆ, ನೆಲದ ಮೇಲೆ ಕೆಂಪು ಬಣ್ಣದ ಗೆರೆ. ಗೆರೆಯ ಆಚೆ ಕೊಳಕು, ಈಚೆ ಶುದ್ಧ. ಒಂದು ನಿಲುಗನ್ನಡಿ, ಒಂದು ಗಡಿಯಾರ. ಗಡಿಯಾರವನ್ನು ಅಮ್ಮ ಗೋಡೆಯ ಕಡೆ ಮುಖ ಮಾಡಿ ತೂಗುಹಾಕಿದ್ದಳು. "ಬಿಚ್ಚೋವಾಗ ಟೈಮ್ ನೋಡೋರು ನನಗೆ ಬೇಡ" ಎನ್ನುತ್ತಿದ್ದಳು.

ಅಮ್ಮನ ಪಾಠವೆಲ್ಲ, ಸೋಂಕು ತಾಗದಂತೆ ಮೈತುಂಬ ತೊಡುವ ಕಿಟ್ಟನ್ನು ಬಿಚ್ಚುವುದರ ಬಗ್ಗೆಯೇ. "ಕಿಟ್ ಹಾಕ್ಕೊಳೋದು ಯಾರಿಗಾದ್ರೂ ಬರುತ್ತೆ ಕಣ್ರೇ. ಬಿಚ್ಚೋದು ಕಲೀರಿ. ರೋಗ ಮೈಗೆ ಬರೋದು ರೋಗಿ ಹತ್ರ ಇದ್ದಾಗಲ್ಲ. ಆಚೆ ಬಂದು, ಉಸ್ಸಪ್ಪಾ ಮುಗೀತು ಅಂತೀರಲ್ಲ, ಆವಾಗ."

ಅದಕ್ಕೊಂದು ಕ್ರಮವಿತ್ತು. ಇಪ್ಪತ್ತೊಂದು ಸಾಲಿನ ಹಾಳೆ. ಬಿಚ್ಚುವವಳು ಬಾಯಿಪಾಠದಿಂದ ಬಿಚ್ಚುವ ಹಾಗಿಲ್ಲ. ಎದುರಿಗೆ ಇನ್ನೊಬ್ಬರು ನಿಂತು ಒಂದೊಂದೇ ಸಾಲು ಓದಬೇಕು, ಕೇಳಿದ ಮೇಲೆಯೇ ಕೈ ಆಡಬೇಕು. ಓದುವವರು ಕಣ್ಣು ತೆಗೆಯುವಂತಿಲ್ಲ. ಬಿಚ್ಚುವವಳು ಕೈ ತೊಳೆದು ಗೆರೆ ದಾಟುವ ತನಕ ಜಾಗ ಬಿಡುವಂತಿಲ್ಲ. ಮನೆಯಲ್ಲೂ ಅದೇ ಆಟ. ಅಮ್ಮ ಮಳೆಕೋಟು, ಪಾತ್ರೆ ತೊಳೆಯುವ ಕೈಗವಸು ಹಾಕಿಕೊಂಡು ನಿಲ್ಲುವಳು. ಮೊಮ್ಮಗಳು ಮಣೆಯ ಮೇಲೆ ನಿಂತು ಓದುವಳು. ಒಮ್ಮೆ ಮಧ್ಯದಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಆದರೂ ಹುಡುಗಿ ಕದಲಿರಲಿಲ್ಲ. ಆವತ್ತು ಅಮ್ಮ ಒಲೆ ಒರೆಸುತ್ತ ಎಷ್ಟು ಹಿಗ್ಗಿದ್ದಳು!

ಎಲ್ಲಿ ತಪ್ಪಿದೆ ಎಂದು ತೋರಿಸಲು ಕೇಂದ್ರದಲ್ಲಿ ಹಿಂದೆ ಒಂದು ವಿಶೇಷ ದೀಪವಿತ್ತಂತೆ. ಅದರ ಬಲ್ಬು ಸುಟ್ಟು ಮೂವತ್ತು ವರ್ಷವಾಗಿತ್ತು. ಬಲ್ಬು ಬೇಕೆಂದು ಅಮ್ಮ ಬರೆದ ಪತ್ರಗಳು ಮೇಜಿನಿಂದ ಮೇಜಿಗೆ ತಿರುಗುತ್ತಲೇ ಇದ್ದವು. ಕೊನೆಗೆ ಅಮ್ಮ ಬಿಳಿ ಬಟ್ಟೆಗೆ ಹಾಕುವ ನೀಲಿಪುಡಿ ತಂದಳು. ಕಿಟ್ಟಿನ ಎದೆಗೆ, ಕೈಗೆಲ್ಲ ಪುಡಿ ಬಳಿಯುವುದು, ಎಲ್ಲ ಬಿಚ್ಚಿದ ಮೇಲೆ ಮೈಯಲ್ಲಿ ಎಲ್ಲಾದರೂ ನೀಲಿ ಕಂಡರೆ, "ಇನ್ನೊಂದ್ಸಲ". ಅಮ್ಮನಿಗೆ ನರ್ಸುಗಳು ಇಟ್ಟ ಹೆಸರೂ ಅದೇ, ಇನ್ನೊಂದ್ಸಲ ಸಿಸ್ಟರ್.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಹದಿನೇಳು ಜನ ಗೆರೆ ದಾಟಿದ್ದರು. ಮಗಳದು ಹದಿನಾಲ್ಕನೆಯ ಸಲ. ಓದುತ್ತಿದ್ದವಳು ತಂಡದ ಉದ್ದನೆಯ ನರ್ಸು, ಎಲ್ಲರ ಬಾಯಲ್ಲಿ ಉದ್ದಕ್ಕ. ಓದಿ ಓದಿ ಅವಳ ಗಂಟಲೂ ಒಣಗಿತ್ತು. ಕನ್ನಡಿಯ ಮುಂದೆ ನಿಂತರೆ ಮತ್ತೆ ಅಲ್ಲೇ. ಎಡಗಿವಿಯ ತುದಿಗೆ ಒಂದು ಚುಕ್ಕೆ.

"ಇನ್ನೊಂದ್ಸಲ."

"ಅಮ್ಮಾ, ಸಾಸಿವೆಕಾಳಿನಷ್ಟೂ ಇಲ್ಲ ಅದು."

"ಇಲ್ಲಿ ನಿನ್ನಮ್ಮ ಯಾರೂ ಇಲ್ಲ. ಇನ್ನೊಂದ್ಸಲ."

ಹನ್ನೆರಡು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದವಳು ಅವಳು. ತನಗಿಂತ ಆರು ವರ್ಷ ಚಿಕ್ಕವರ ಎದುರು ಮಗುವಿನ ಹಾಗೆ ನಿಂತು ಕಿವಿ ತೋರಿಸಿ ತೋರಿಸಿ ಸಾಕಾಗಿತ್ತು. ಕಿಟ್ಟಿನೊಳಗಿನ ಬೆವರು, ಹಸಿವು, ಎಲ್ಲ ಒಟ್ಟಿಗೆ ತಲೆಗೇರಿತು.

"ಬಾಯಿಬಿಟ್ಟು ಹೇಳಿಬಿಡಮ್ಮ. ನಾನು ಹೋಗೋದು ನಿನಗೆ ಬೇಕಾಗಿಲ್ಲ. ನೀನು ಹೋಗ್ಲಿಲ್ಲ, ಅದಕ್ಕೆ ನಾನೂ ಹೋಗಬಾರದು. ಅಷ್ಟೇ ತಾನೆ?"

ಅಮ್ಮ ಹತ್ತಿ ತಗೊಂಡು ಅವಳ ಕಿವಿಯ ತುದಿ ಒರೆಸಿ, ಹತ್ತಿಯನ್ನು ಅವಳ ಕಣ್ಣ ಮುಂದೆ ಹಿಡಿದಳು.

"ಈ ನೀಲಿ ನಾನು ಹಚ್ಚಿದ್ದಾ?"

ಅವರಿಬ್ಬರ ನಡುವೆ ಅದೇ ಕೊನೆಯ ಮಾತು. ಸಂಜೆ ಅಮ್ಮ ಮನೆಗೆ ಬಂದು, ಕೋಟನ್ನೂ ಬಿಚ್ಚದೆ ಮೊಮ್ಮಗಳನ್ನು ಕರೆದುಕೊಂಡು ಅಂಗಡಿಗೆ ಹೋಗಿಬಂದಳು. ಊಟಕ್ಕೆ ಮಗಳು ಮುಖ ಆ ಕಡೆ ತಿರುಗಿಸಿಕೊಂಡು ಕೂತಳು. ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿದ್ದಾಗ ಬಾಗಿಲ ಬಳಿ ಚಪ್ಪಲಿಯ ಸದ್ದು ಕೇಳಿಸಿತ್ತು. ಬೇಕೆಂತಲೇ ತಿರುಗಿ ನೋಡಲಿಲ್ಲ.

*

ಚಿತಾಗಾರದ ಕಿಟಕಿಯಲ್ಲಿ ಕೂತ ಗುಮಾಸ್ತ ತಲೆ ಎತ್ತದೆ ಫಾರಂ ತುಂಬುತ್ತಿದ್ದ. ಅವಳ ಗಂಡ ಒಂದೊಂದನ್ನೇ ಹೇಳುತ್ತಿದ್ದ. ಲಿಫ್ಟ್ ರಿಪೇರಿ ಮಾಡುವವನು, ಯಾರ ಮೇಲೂ ದನಿ ಎತ್ತದವನು.

"ಸಹಿ ಹಾಕಿ," ಎಂದು ಗುಮಾಸ್ತ ಹಾಳೆ ತಳ್ಳಿದ.

ಅವಳು ಬಗ್ಗಿ ನೋಡಿದಳು. ಉದ್ಯೋಗ ಎಂಬಲ್ಲಿ 'ಮನೆಕೆಲಸ' ಎಂದಿತ್ತು.

"ಇದನ್ನ ಯಾರು ಹೇಳಿದ್ದು ನಿಮಗೆ?"

"ಯಾರೂ ಹೇಳಿಲ್ಲಮ್ಮ. ವಯಸ್ಸಾದ ಹೆಂಗಸರಿಗೆ ಅದೇ ಬರೆಯೋದು."

"ಅವರು ನರ್ಸ್. ನರ್ಸುಗಳಿಗೆ ಕಲಿಸ್ತಿದ್ರು. ಬೇರೆ ಬರೀರಿ."

"ಫಾರಂ ಹಾಳಾಗುತ್ತೆ. ಏನೀಗ, ಸುಡೋದು ಸುಟ್ಟೇ ಸುಡ್ತಾರೆ."

"ಇನ್ನೊಂದ್ಸಲ ಬರೀರಿ!" ಅವಳು ಕಿಟಕಿಯ ಹಲಗೆಯನ್ನು ಕುಟ್ಟಿಯೇಬಿಟ್ಟಳು.

ಹಿಂದೆ ಬೆಂಚುಗಳ ಮೇಲೆ ಕೂತಿದ್ದ ನರ್ಸುಗಳ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮತ್ತೊಬ್ಬಳು ಮೂಗು ಒರೆಸಿಕೊಳ್ಳುತ್ತ, "ಅಮ್ಮನ ದನಿ ಹಾಗೇ ಬಂದಿದೆ ನೋಡು" ಎಂದಳು. ಗುಮಾಸ್ತ ಗೊಣಗುತ್ತ ಹೊಸ ಫಾರಂ ಎಳೆದುಕೊಂಡ. ಅದರಿಂದ ಅವರ ಸರದಿ ಒಂದು ಗಂಟೆ ಹಿಂದೆ ಹೋಯಿತು.

"ಒಂದು ಶಬ್ದಕ್ಕೆ ಒಂದು ಗಂಟೆ!" ಸೋದರಮಾವ ಕೈ ಹಿಸುಕಿಕೊಂಡರು. "ಅಕ್ಕನೂ ಹೀಗೇ. ಹಿಡಿದದ್ದು ಬಿಡೋಳಲ್ಲ."

ಬೆಂಚಿನ ಮೇಲೆ ಮಾತು ಮೆಲ್ಲಗೆ ಬಿಚ್ಚಿಕೊಂಡಿತು.

"ನನ್ನ ಕೈಲಿ ಇಪ್ಪತ್ತೆರಡು ಸಲ ಮಾಡಿಸಿದ್ರು," ಎಂದಳು ಉದ್ದಕ್ಕ. "ನಿನ್ನ ತಲೆ ಅಷ್ಟು ಮೇಲಿದ್ರೆ ನಾನು ಏಣಿ ಹತ್ತಿ ನೋಡ್ಲಾ, ಬಗ್ಗು ಅಂತ ಬೈದಿದ್ರು."

"ನಾನು ಸಿಟ್ಟಲ್ಲಿ ಅವರ ಹಾಳೇನೇ ಹರಿದು ಹಾಕಿದ್ದೆ. ಏನೂ ಅನ್ನಲಿಲ್ಲ ಕಣೇ. ಜೇಬಿಂದ ಇನ್ನೊಂದು ತೆಗೆದ್ರು. ನನ್ನಂಥೋರಿಗೆ ಅಂತಲೇ ಹೆಚ್ಚಿಗೆ ಇಟ್ಕೊಂಡಿರ್ತಿದ್ರಂತೆ."

"ಈಗ ಎದ್ದು ಕೂತು, ಯಾರೇ ಅದು ಬೆಂಚಿನ ಮೇಲೆ ಕೈ ಇಟ್ಟಿದ್ದು ಅಂದ್ರೂ ಆಶ್ಚರ್ಯ ಇಲ್ಲ."

ನಕ್ಕರು. ನಗುತ್ತಲೇ ಎಲ್ಲರೂ ಬೆಂಚಿನಿಂದ ಕೈ ತೆಗೆದರು.

ಅಧಿಕಾರಿ ಬಂದು ಪಕ್ಕದಲ್ಲಿ ನಿಂತರು. ಕಂಕುಳಲ್ಲಿ ಫೈಲು. "ನೋಡಮ್ಮ, ತಲೆ ಕೆಡಿಸ್ಕೋಬೇಡಿ. ಅವರ ಜಾಗದಲ್ಲಿ ನಾನು ಸಹಿ ಮಾಡಬಹುದು. ನನಗೆ ಅಧಿಕಾರ ಇದೆ. ಇಲ್ಲಿ ಮುಗಿದ ಮೇಲೆ ಕೇಂದ್ರಕ್ಕೆ ಬನ್ನಿ, ಎರಡು ನಿಮಿಷದ ಕೆಲಸ. ಹದಿನೇಳೇ ಜನ ಹೋದ್ರೆ ನನಗೆ ಮೇಲಿಂದ ಮಂಗಳಾರತಿ."

ಅವಳು ತಲೆಯಾಡಿಸಿದಳು. ಬೆಳಿಗ್ಗೆಯಿಂದ ಎದೆಗೆ ಒತ್ತಿಕೊಂಡಿದ್ದ ಕಲ್ಲು ತುಸು ಜರುಗಿದ ಹಾಗಾಯಿತು.

"ಎಲ್ಲಿಗೂ ಹೋಗೋದು ಬೇಡ," ಸೋದರಮಾವನಿಗೆ ಅದು ಕೇಳಿಸಿಬಿಟ್ಟಿತ್ತು. "ಹೆತ್ತವಳ ಬೂದಿ ಆರೋ ಮೊದಲೇ ವಿಮಾನ ಹತ್ತುತೀಯಾ? ನಿನಗೂ ಒಂದು ಮಗು ಇದೆ. ಅಕ್ಕ ನಿನ್ನ ಸಲುವಾಗಿ ತಾನೇ ಹೋಗೋದನ್ನ ಬಿಟ್ಲು. ಮೊದಲನೇ ಪಟ್ಟಿಯಲ್ಲೇ ಹೆಸರು ಬಂದಿತ್ತು. ಮಗಳು ಚಿಕ್ಕವಳು ಅಂತ ಕೈಬಿಟ್ಲು. ಆಮೇಲೆ ಜೀವಮಾನವೆಲ್ಲ ಬೇರೆಯವರಿಗೆ ಕೈಬೀಸಿದ್ದೇ ಬಂತು."

ಆರು ವರ್ಷದವಳಿದ್ದಾಗಿನಿಂದ ಕೇಳಿ ಕೇಳಿ ಅವಳಿಗೆ ಬಾಯಿಪಾಠವಾದ ಮಾತು. ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೂ, ಜ್ವರ ಬಂದು ಮಲಗಿದರೂ, 'ನಿನಗೋಸ್ಕರ ಅವಳು ಹೋಗಲಿಲ್ಲ'. ಈ ತಂಡಕ್ಕೆ ಹೆಸರು ಕೊಟ್ಟಾಗ ಅವಳ ಮನಸ್ಸಿನ ಮೂಲೆಯಲ್ಲಿದ್ದದ್ದೂ ಅದೇ: ಅಮ್ಮ ತನಗಾಗಿ ಕಳಕೊಂಡದ್ದನ್ನು ಒಂದು ಸಲವಾದರೂ ತಾನು ಹೋಗಿ ತುಂಬಿಕೊಡಬೇಕು. ಆ ಅಮ್ಮನೇ ಹಾಳೆಯನ್ನು ಖಾಲಿ ಬಿಟ್ಟುಹೋಗಿದ್ದಳು.

"ಮಾವ, ಇವತ್ತೊಂದು ದಿನ ಸುಮ್ಮನಿರಿ," ಎಂದು ಅವಳು ಎದ್ದು ಹೊರಗಿನ ನಲ್ಲಿಯ ಬಳಿ ಹೋದಳು.

ಹಿಂದೆಯೇ ಹುಡುಗಿ ಬಂದಳು. "ಅಮ್ಮಾ, ಬೆಳಿಗ್ಗೆ ಕೇಳ್ತೀನಿ ಅಂದ್ನಲ್ಲ..."

"ಏನಾದ್ರೂ ತಿಂದ್ಯಾ? ಬಿಸ್ಕತ್ತು ಇದೆ, ತಗೋ. ಮುಖ ನೋಡು ಹೇಗೆ ಬಾಡಿದೆ." ಚೀಲದಿಂದ ಪೊಟ್ಟಣ ತೆಗೆದು ಕೈಗಿಟ್ಟಳು. ಪ್ರಶ್ನೆ ಮತ್ತೆ ಗಂಟಲಿಗಿಳಿಯಿತು. ಹುಡುಗಿ ಬಿಸ್ಕತ್ತು ಹಿಡಿದುಕೊಂಡು ಅಪ್ಪನ ಬಳಿ ಹೋದಳು.

ನಲ್ಲಿಯ ಕಟ್ಟೆಯ ಮೇಲೆ ಕೇಂದ್ರದ ಸ್ಟೋರ್ ನೋಡಿಕೊಳ್ಳುವ ಮುದುಕ ಕೂತಿದ್ದ. ಎಲ್ಲರಿಗೂ ಸ್ಟೋರಣ್ಣ. ಅಮ್ಮನ ಜತೆ ಮೂವತ್ತು ವರ್ಷ ಕೆಲಸ ಮಾಡಿದವನು.

"ನಿಮ್ಮ ಮಾವ ಸುಳ್ಳು ಹೇಳ್ತಿಲ್ಲ ತಾಯಿ," ಎಂದ. "ಅವರಿಗೆ ಹಾಗಂತ ಹೇಳಿದ್ದೇ ಸಿಸ್ಟರ್. ಆದ್ರೆ ನಡೆದದ್ದು ಅದಲ್ಲ."

ಅವಳು ನಲ್ಲಿ ನಿಲ್ಲಿಸಿದಳು.

"ಮೊದಲನೇ ತಂಡ. ನಿನಗಾಗ ಆರು ವರ್ಷ. ಸಿಸ್ಟರ್ ಚೀಲ ಕಟ್ಟಿ ನನ್ನ ಸ್ಟೋರಲ್ಲೇ ಇಟ್ಟಿದ್ರು. ಕೊನೇ ದಿನ ಎಲ್ಲರದೂ ನೋಡಿ ಸಹಿ ಹಾಕಿದ್ರು. ಎಲ್ಲಾ ಹೋದ ಮೇಲೆ ನನ್ನ ಕರೆದು, ಈಗ ನನಗೆ ಓದು ಅಂತ ಹಾಳೆ ಕೊಟ್ರು. ಓದಿದೆ. ಕನ್ನಡಿ ಮುಂದೆ ನಿಂತ್ರು. ಕಿವಿ ಮೇಲೆ ನೀಲಿ."

"ಯಾವ ಕಿವಿ?"

"ಎಡಗಿವಿ. ಆವಾಗ ಉದ್ದ ಕೂದಲು ಅವರಿಗೆ. ತಲೆಮುಸುಕು ತೆಗೆದ ತಕ್ಷಣ ಒಂದೆಳೆ ಜಾರೋದು, ಕೈ ತಾನಾಗೇ ಹೋಗಿ ಅದನ್ನ ಕಿವಿ ಹಿಂದೆ ಸಿಕ್ಕಿಸೋದು. ಅವರಿಗೇ ಗೊತ್ತಾಗ್ತಿರಲಿಲ್ಲ. ಆರು ಸಲ ಓದಿದೆ. ಆರು ಸಲವೂ ಅಲ್ಲೇ. ನಾನಂದೆ, ಸಿಸ್ಟರ್, ನೋಡಿದ್ದು ನಾನೊಬ್ಬನೇ, ಒರೆಸಿಬಿಡಿ. ಅವರು ನನ್ನ ಕಡೆ ಒಂದು ನೋಟ ನೋಡಿದ್ರು ನೋಡು. ಇಪ್ಪತ್ತೆಂಟು ವರ್ಷ ಆಯ್ತು, ಇವತ್ತಿಗೂ ನನಗೆ ನಾಚಿಕೆ."

"ಆಮೇಲೆ?"

"ತಮ್ಮ ಹಾಳೆಗೆ ತಾವೇ ಸಹಿ ಹಾಕ್ಲಿಲ್ಲ. ಮನೇಲಿ ಮಗು ಚಿಕ್ಕದು ಅಂತ ಬರೆದುಕೊಟ್ರು. ಮಗು ಅಂದ್ಬಿಟ್ರೆ ಯಾರೂ ಮುಂದೆ ಪ್ರಶ್ನೆ ಕೇಳಲ್ಲವಲ್ಲ. ಮಾರನೇ ದಿನ ತಲೆ ಮೋಟು ಮಾಡಿಸ್ಕೊಂಡು ಬಂದ್ರು. ಕೂದಲು ಹೋದ್ರೂ ಕೈ ಕೇಳಬೇಕಲ್ಲ, ಒಂದು ವರ್ಷ ಬರೀ ಗಾಳಿಯನ್ನೇ ಕಿವಿ ಹಿಂದೆ ಸಿಕ್ಕಿಸ್ತಿತ್ತು. ಅದು ನಿಂತ ಹೊತ್ತಿಗೆ ಮೇಲಿನವರು, ನೀವೇ ಹೋದ್ರೆ ಇಲ್ಲಿ ಕಲಿಸೋರ್ಯಾರು ಅಂದ್ರು. ಮುಂದಿನ ಸಲವೂ ಅದೇ ಅಂದ್ರು. ಹನ್ನೊಂದು ತಂಡ ಹೋಗಿಬಂತು. ಆ ಚೀಲ ಇನ್ನೂ ನನ್ನ ಸ್ಟೋರಲ್ಲೇ ಇದೆ."

ಅವಳಿಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಮೈಯೆಲ್ಲ ಉರಿಯಿತು. ಇಪ್ಪತ್ತೆಂಟು ವರ್ಷ ತನ್ನ ತಲೆಯ ಮೇಲೆ ಹೊರಿಸಿದ್ದು ಒಂದು ಚುಕ್ಕೆ ನೀಲಿಯ ನೆಪವನ್ನೇ? ಒಂದು ಮಾತು, ಶನಿವಾರವಾದರೂ ಒಂದು ಮಾತು ಹೇಳಿದ್ದರೆ! ಯಾರ ಹತ್ತಿರ ಹೋಗಿ ಕೇಳಬೇಕು ಈಗ?

"ನನಗೆ ಯಾಕೆ ಹೇಳಲಿಲ್ಲ?" ಅಷ್ಟೇ ಹೊರಟಿತು ಬಾಯಿಂದ.

ಸ್ಟೋರಣ್ಣ ಅವಳನ್ನೇ ನೋಡುತ್ತಿದ್ದ. ಅವನ ಕಣ್ಣು ಹೋದ ಕಡೆ ಅವಳ ಗಮನವೂ ಹೋಯಿತು. ಅವಳ ಎಡಗೈ ಮೇಲೆದ್ದು, ಒದ್ದೆ ಬೆರಳುಗಳು ಕಿವಿಯ ಹಿಂದೆ ಕೂದಲೆಳೆ ಸಿಕ್ಕಿಸಿ ಅಲ್ಲೇ ನಿಂತಿದ್ದವು.

ಒಳಗಿನಿಂದ ಅವರ ಸಂಖ್ಯೆ ಕೂಗಿದರು.

ಮುಗಿಯುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಕಬ್ಬಿಣದ ಬಾಗಿಲು ಮುಚ್ಚಿತು. ಅಲ್ಲಿಯ ಕೆಲಸದವನು ಕೈಗವಸು ಕಳಚಲು ಅದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದ. "ಅಯ್ಯೋ, ಹಲ್ಲಲ್ಲಿ!" ಎಂದು ಹದಿನೇಳು ನರ್ಸುಗಳು ಒಟ್ಟಿಗೆ ಕೂಗಿದರು. ಆತ ಗಾಬರಿಯಾಗಿ ನಿಂತುಬಿಟ್ಟ. ಉದ್ದಕ್ಕ ಮುಂದೆ ಹೋಗಿ, ಅಳುತ್ತಲೇ, ಕೈಗವಸನ್ನು ಹೇಗೆ ಒಳಮುಖ ಮಾಡಿ ಕಳಚಬೇಕೆಂದು ಅವನಿಗೆ ತೋರಿಸಿಕೊಟ್ಟಳು. ಎರಡು ಸಲ.

*

ಕೇಂದ್ರಕ್ಕೆ ಬಂದಾಗ ಮೂರು ಹೊಡೆದಿತ್ತು. ಸೋದರಮಾವ ಒಳಗೆ ಬರುವುದಿಲ್ಲವೆಂದು ಗೇಟಿನ ಬಳಿಯೇ ಕೂತರು. ಉಳಿದ ನರ್ಸುಗಳು ಚೀಲ ಕಟ್ಟಲು ಮನೆಗಳಿಗೆ ಹೋಗಿದ್ದರು. ಗಂಡ ಹುಡುಗಿಯ ಕೈ ಹಿಡಿದು ಕೆಂಪು ಗೆರೆಯ ಈಚೆ ನಿಂತ. ಅಧಿಕಾರಿ ಮೇಜಿನ ಮೇಲೆ ಹಾಳೆ ಹರಡಿ ಪೆನ್ನಿನ ಮುಚ್ಚಳ ತೆಗೆದರು.

"ನಿಲ್ಲಿ ಸರ್," ಎಂದಳು. "ನೋಡಿ ಸಹಿ ಹಾಕಿ. ನೋಡದೆ ಬೇಡ."

"ಈಗ ಎಲ್ಲಿ ನೋಡ್ತಾ ಕೂರೋದಮ್ಮ? ಒಂದು ಗಂಟೆ ಇಲ್ಲ." ಅವರು ಗೋಡೆಯತ್ತ ನೋಡಿದರು. ಗಡಿಯಾರ ಬೆನ್ನು ತೋರಿಸಿಕೊಂಡು ತೂಗುತ್ತಿತ್ತು.

ಸ್ಟೋರಣ್ಣ ಏನೂ ಕೇಳದೆ ಹೊಸ ಕಿಟ್ ತಂದಿಟ್ಟ. ಅವಳು ಹಾಕಿಕೊಂಡಳು. ಅವನು ನೀಲಿಪುಡಿ ಬಳಿದ. ಓದುವವರು ಯಾರು ಎಂದು ಯಾರೂ ಕೇಳುವ ಮೊದಲೇ ಹುಡುಗಿ ಅಪ್ಪನ ಕೈ ಬಿಡಿಸಿಕೊಂಡು ಬಂದು ಹಾಳೆ ಎತ್ತಿಕೊಂಡಳು. ಮೂರು ದಿನದಲ್ಲಿ ಮೊದಲ ಬಾರಿಗೆ ಅವಳ ದನಿ ಗಟ್ಟಿಯಾಗಿ ಹೊರಟಿತು.

"ಒಂದು. ನಿಲ್ಲು. ಉಸಿರು ತಗೋ. ಅವಸರ ಇಲ್ಲ."

ಅದು ಅಮ್ಮ ಬರೆದ ಸಾಲು. ಹಾಳೆಯಲ್ಲಿ ಹಾಗೇ ಇತ್ತು.

"ಎರಡು. ಮುಂದಿನ ಏಪ್ರನ್. ಗಂಟನ್ನು ಹಿಂದಿನಿಂದ ಬಿಚ್ಚು."

ಸಾಲಿನಿಂದ ಸಾಲಿಗೆ ಹುಡುಗಿ ಕಣ್ಣೆತ್ತಿ ನೋಡುವಳು, ಕೈ ನಿಂತ ಮೇಲೆಯೇ ಮುಂದಿನದು. ಅಧಿಕಾರಿ ಎರಡು ಸಲ ಕೈಗಡಿಯಾರ ನೋಡಿಕೊಂಡು, ಮೂರನೆಯ ಸಲ ನೋಡುವುದನ್ನು ಮರೆತರು. ಒಂಬತ್ತನೆಯ ಸಾಲಿಗೆ ತಲೆಮುಸುಕು ಹಿಂದಕ್ಕೆ ಸರಿಯಿತು. ಅವಳು ಕೈಗಳನ್ನು ಸೊಂಟದ ಹತ್ತಿರ ಇಟ್ಟುಕೊಂಡೇ ಇದ್ದಳು. ಇಟ್ಟುಕೊಂಡೇ ಇದ್ದೇನೆ ಎಂದುಕೊಂಡಿದ್ದಳು. ಇಪ್ಪತ್ತೊಂದನೆಯ ಸಾಲು ಮುಗಿದು ಕೈ ತೊಳೆದು ಕನ್ನಡಿಯ ಮುಂದೆ ನಿಂತರೆ, ಎಡಗಿವಿಯ ತುದಿಗೆ ಅದೇ ಚುಕ್ಕೆ.

ಗಂಡ ನೆಲ ನೋಡಿದ.

"ಇಷ್ಟೇ ಇಷ್ಟು," ಅಧಿಕಾರಿ ಪೆನ್ನು ಹಿಡಿದರು. "ಇದಕ್ಕೆಲ್ಲ ಯಾರಮ್ಮ... ನಾನು ಹಾಕ್ತೀನಿ ಬಿಡಿ."

ಅವಳು ಕನ್ನಡಿಯಲ್ಲಿ ಕಿವಿಯನ್ನೇ ನೋಡುತ್ತಿದ್ದಳು. ಒರೆಸಿದರೆ ಹೋಗುವಷ್ಟು. ನೋಡಿದ್ದು ನಾಲ್ಕೇ ಜನ. ಹೂಂ ಎಂದರೆ ನಾಳೆ ಬೆಳಿಗ್ಗೆ ವಿಮಾನ. ಹುಡುಗಿ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

"ಬೆಳಿಗ್ಗೆ ಚೀಲಕ್ಕೆ ಹಾಕಿದ್ಯಲ್ಲ, ಆ ಪಿನ್ನು ಹಾಕ್ಕೋ ಅಮ್ಮ. ಅಜ್ಜಿ ನಿನಗೇ ಅಂತ ತಗೊಂಡಿದ್ರು. ಶನಿವಾರ, ನನ್ನ ಜತೆ. ಸೋಮವಾರ ಇನ್ನೊಂದ್ಸಲ ಮಾಡಿಸ್ತೀನಿ, ಆವಾಗ ಕೊಡ್ತೀನಿ, ಈಗ ಕೊಟ್ರೆ ನಿಮ್ಮಮ್ಮ ಮುಖಕ್ಕೆ ಎಸೀತಾಳೆ ಅಂದ್ರು."

ಅವಳು ಹುಡುಗಿಯನ್ನು ನೋಡಿದಳು, ಸ್ಟೋರಣ್ಣನನ್ನು ನೋಡಿದಳು. ಕೈಚೀಲದ ತಳದಿಂದ ನೆನೆದ ರಟ್ಟು ತೆಗೆದಳು. ತುಕ್ಕು ಹಿಡಿದ ಪಿನ್ನುಗಳನ್ನು ಒಂದೊಂದಾಗಿ ಬಿಡಿಸಿ, ಎಡಗಿವಿಯ ಮೇಲಿನ ಕೂದಲನ್ನು ಎಳೆದು, ತಲೆ ನೋಯುವಷ್ಟು ಬಿಗಿಯಾಗಿ ಚುಚ್ಚಿಕೊಂಡಳು. 'ಕೂದಲು ಹೋದ್ರೂ ಕೈ ಕೇಳಬೇಕಲ್ಲ' ಎಂದು ಸ್ಟೋರಣ್ಣ ಹೇಳಿದ್ದು ನೆನಪಾಯಿತು. ಕೇಳದಿದ್ದರೆ ಕೇಳುವ ತನಕ.

"ಪೆನ್ನು ಮುಚ್ಚಿ ಸರ್," ಎಂದಳು. "ಸ್ಟೋರಣ್ಣ, ಹೊಸ ಕಿಟ್. ಇನ್ನೊಂದ್ಸಲ."

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿ ಕುರ್ಚಿಯಲ್ಲಿ ಕೂತರು. ಸ್ಟೋರಣ್ಣ ಮತ್ತೆ ಪುಡಿ ಬಳಿದ. ಅವಳು ಕೆಂಪು ಗೆರೆಯ ಆಚೆ ಹೋಗಿ ನಿಂತಳು. ಬಿಳಿ ಮುಸುಕು, ಕನ್ನಡಕ, ಮೂಗುಬಾಯಿಗೆ ಮಾಸ್ಕು. ಅವಳೆಂದು ಗುರುತು ಹಿಡಿಯಲು ಎರಡು ಕಣ್ಣುಗಳಷ್ಟೇ ಉಳಿದಿದ್ದವು. ಗೆರೆಯ ಈಚೆ ಹುಡುಗಿ ಹಾಳೆಯನ್ನು ಮೊದಲ ಸಾಲಿಗೆ ತಂದು, ಅದರ ಕೆಳಗೆ ಬೆರಳಿಟ್ಟಳು.

ಆದರೆ ಓದಲಿಲ್ಲ.

"ಓದು ಚಿನ್ನ," ಮಾಸ್ಕಿನೊಳಗಿನಿಂದ ದನಿ ಬಂತು.

ಹುಡುಗಿಯ ಹಣೆಯ ಮೇಲೆ ಒಂದೆಳೆ ಕೂದಲು ಜಾರಿತ್ತು. ಅವಳ ಎಡಗೈ ತಾನಾಗೇ ಮೇಲೆದ್ದು ಅದನ್ನು ಕಿವಿಯ ಹಿಂದೆ ಸಿಕ್ಕಿಸಿತು. ಬೆಳಿಗ್ಗೆಯಿಂದ ನುಂಗಿ ನುಂಗಿ ಇಟ್ಟುಕೊಂಡದ್ದನ್ನು ಅವಳು ಗೆರೆಯ ಆಚೆಯ ಆ ಎರಡು ಕಣ್ಣುಗಳನ್ನೇ ನೋಡುತ್ತ, ಹಾಳೆ ಓದುವಷ್ಟೇ ಗಟ್ಟಿಯಾಗಿ ಕೇಳಿದಳು:

"ಅಮ್ಮಾ, ಅಲ್ಲಿ ನಿನಗೆ ಯಾರು ಓದ್ತಾರೆ?"